ಓದುಗರ ಪ್ರಶ್ನೆ: ಹಡಿಲು ಗದ್ದೆಗೂ ಉಪ್ಪು ಬಾವಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಮನೆ ಮಲ್ಪೆಯ ಸಮೀಪವಿದೆ. ಏಪ್ರಿಲ್ ಬಂತೆಂದರೆ ಬಾವಿಯ ನೀರು ಉಪ್ಪಾಗಿ ಟ್ಯಾಂಕರಿಗೆ ಕಾಯಬೇಕಾಗುತ್ತದೆ. ಅಜ್ಜಿಯ ಕಾಲದಲ್ಲಿ ಹೀಗಿರಲಿಲ್ಲವಂತೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಹೀಗೇಕೆ? ಜಗತ್ತಿನ ನೀರಿನ ಬಿಕ್ಕಟ್ಟಿಗೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಘಟ್ಟದಿಂದ ಕಡಲಿಗಿರುವ ಅಲ್ಪ ದೂರವನ್ನು ಬೇಗನೆ ದಾಟಿಬಿಡುತ್ತದೆ. ಕಡಲತಡಿಯ ಮರಳಿನಡಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲಿರುವ ಆ ಸಿಹಿನೀರು ಒಂದು ಅಡಿ ಇಳಿದರೆ, ಕೆಳಗಿನ ಉಪ್ಪುನೀರು ಲೆಕ್ಕದ ಪ್ರಕಾರ ಸುಮಾರು 40 ಅಡಿ ಮೇಲೇರುತ್ತದೆ. ಪಂಪು ಹಾಕಿ ಎಳೆದಷ್ಟೂ ಬಾವಿ ಉಪ್ಪಾಗುವುದು ಇದರಿಂದಲೇ. ಅಜ್ಜಿ ರಾಟೆಯಲ್ಲಿ ಸೇದುತ್ತಿದ್ದರು. ಸೇದುವ ಕೈಗೆ ದಣಿವಿತ್ತು, ಪಂಪಿಗೆ ಅದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಗದ್ದೆಗಳದ್ದು. ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ಹುಣಿ (ಗದ್ದೆಯ ಬದು) ಕಟ್ಟಿ ನಿಲ್ಲಿಸಿದ ನೀರು ತಿಂಗಳುಗಟ್ಟಲೆ ನೆಲಕ್ಕಿಳಿಯುತ್ತಿತ್ತು. ಮಳೆಗಾಲ ಕಳೆದ ಮೇಲೆ ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಅಡ್ಡಲಾಗಿ ಹಾಕುತ್ತಿದ್ದ ಕಟ್ಟಗಳು ಉಳಿದುದನ್ನು ಹಿಡಿದಿಡುತ್ತಿದ್ದವು. ಆಳಿನ ಕೂಲಿ ಏರಿ, ಮಕ್ಕಳು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದ ಮೇಲೆ ಬೈಲಿನ ಗದ್ದೆಗಳು ಬೇಸಾಯವಿಲ್ಲದೆ ಹಡಿಲು (ಪಾಳು) ಬಿದ್ದವು, ಕೆಲವು ಮನೆ ನಿವೇಶನಗಳಾದವು. ನಷ್ಟದ ಬೇಸಾಯವನ್ನು ಬಿಟ್ಟವರನ್ನು ದೂರುವುದು ನ್ಯಾಯವಲ್ಲ.

ಗದ್ದೆ ಬಿಟ್ಟರೂ ಊಟಕ್ಕೆ ಅಕ್ಕಿ ಬೇಕಷ್ಟೆ. ಅದು ಹೊರಗಿನಿಂದ ಬರುತ್ತದೆ. ಒಂದು ಕಿಲೋ ಅಕ್ಕಿಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 2500 ಲೀಟರ್ ನೀರಿರುತ್ತದೆ. ಸರಕಿನೊಳಗೆ ಅಡಗಿ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗುವ ಈ ಕಾಣದ ನೀರಿನ ಪರಿಕಲ್ಪನೆಯನ್ನು 1990ರ ದಶಕದಲ್ಲಿ ಮುಂದಿಟ್ಟ ಲಂಡನ್ನಿನ ವಿದ್ವಾಂಸ ಟೋನಿ ಅಲನ್ ಅವರಿಗೆ 2008ರ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು. ಮನುಷ್ಯರು ಹೊಳೆ, ಕೆರೆ, ಅಂತರ್ಜಲಗಳಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇಕಡಾ 70 ಭಾಗ ಕೃಷಿಗೇ ಹೋಗುತ್ತದೆ. ಆದರೆ ಲೀಟರಿಗೆ ಲೀಟರ್ ಸಮನೆಂದು ನಾನು ಒಪ್ಪಲಾರೆ. ಪಂಜಾಬಿನಲ್ಲಿ ಭತ್ತಕ್ಕೆ ಮೇಲೆತ್ತುವ ಅಂತರ್ಜಲ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ. ನಮ್ಮ ಏಣೆಲು ಗದ್ದೆ ಕುಡಿಯುತ್ತಿದ್ದುದು, ತಡೆಯದಿದ್ದರೆ ಕಡಲಿಗೇ ಸೇರುತ್ತಿದ್ದ ಮಳೆಯನ್ನು. ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ದೇಶ ನಮ್ಮದಾದ್ದರಿಂದ ಈ ವ್ಯತ್ಯಾಸ ನಿಮ್ಮ ಊರಿಗಷ್ಟೇ ಸೀಮಿತವಲ್ಲ.

ಮನೆಯ ಮಾಡಿನ ನೀರನ್ನು ಸೋಸಿ ಬಾವಿಗಿಳಿಸಿದರೆ ಸ್ವಲ್ಪ ಉಪಕಾರವಾದೀತು. ಮರಳಿನಡಿಯ ನೀರು ನೆರೆಯ ಹತ್ತಾರು ಬಾವಿಗಳಿಗೂ ಒಂದೇ ಆದ್ದರಿಂದ, ಹತ್ತಿರದ ಹಡಿಲು ಗದ್ದೆಯ ಒಡೆದ ಹುಣಿಯನ್ನು ಮೇ ಕೊನೆಯೊಳಗೆ ಸರಿಪಡಿಸಿ, ಬೆಳೆ ಇಡದಿದ್ದರೂ ಮಳೆನೀರು ನಿಲ್ಲುವಂತೆ ಮಾಡಲು ಅದರ ಒಡೆಯರನ್ನು ಕೇಳಿನೋಡಿ.