ಪಂಚಮಿ ಉಂಡಿ ಮತ್ತು ಮಕ್ಕಳ ಹಲ್ಲು

ಪ್ರಶ್ನೆ: ನಾಗರ ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ ಮುಗಿಯುವವರೆಗೂ 5 ವರ್ಷದ ಮಗನ ಬಾಯಿ ಆಡುತ್ತಲೇ ಇರುತ್ತದೆ. ಹಲ್ಲು ಹುಳುಕಾಗದೆ? ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಬೇರೆ ಹೆಚ್ಚು. ಫ್ಲೋರೈಡ್ ಇರುವ ಪೇಸ್ಟ್ ಕೊಡಬಹುದೆ?
– ಓದುಗರು, ಕುಷ್ಟಗಿ

ಉತ್ತರ: ಎಷ್ಟು ತಿಂದ ಎನ್ನುವುದಕ್ಕಿಂತ ಎಷ್ಟು ಸಲ ತಿಂದ ಎಂಬುದೇ ಮುಖ್ಯ. ತಿಂದಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಬೆಲ್ಲವನ್ನು ಹಲ್ಲು ಕೊರೆಯುವ ಆಮ್ಲ ಮಾಡುತ್ತವೆ. ಜೊಲ್ಲು ಅದನ್ನು ತಣಿಸಲು ಅರ್ಧ ಗಂಟೆಯಾದರೂ ಬೇಕು. ಊಟದ ಜೊತೆಗೇ ಒಂದು ಉಂಡಿ ಕೊಟ್ಟು ಡಬ್ಬಿ ಎತ್ತಿಡಿ. ಸಕ್ಕರೆಯಲ್ಲ, ಬೆಲ್ಲ ತಾನೇ ಎನ್ನಬೇಡಿ, ಹಲ್ಲಿಗೆ ಎರಡೂ ಒಂದೇ. ಪಾಕ ದವಡೆಹಲ್ಲಿನ ಸೀಳುಗಳಲ್ಲಿ ಅಂಟಿ ಕೂರುತ್ತದೆ. ತಿಂದ ಕೂಡಲೇ ನೀರು ಮುಕ್ಕಳಿಸಲಿ. ರಾತ್ರಿ ಮಲಗುವ ಮುನ್ನ ನೀವೇ 2 ನಿಮಿಷ ಹಲ್ಲುಜ್ಜಿಸಿ.

ಪೇಸ್ಟ್ ಬೇಕೇ ಬೇಕು, ಬಟಾಣಿ ಕಾಳಿನಷ್ಟು. ನುಂಗದೆ ಉಗುಳಲಿ. ಕುದಿಸಿದರೆ ನೀರಿನ ಫ್ಲೋರೈಡ್ ಹೋಗದು. ಕುಡಿಯಲು ಶುದ್ಧೀಕರಣ ಘಟಕದ ನೀರು ತನ್ನಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕಿನ ಆರಂಭವಿರಬಹುದು, ದಂತವೈದ್ಯರಿಗೆ ತೋರಿಸಿ.