ಗೇಮ್ ಪ್ರಶ್ನೋತ್ತರ: ಪೋಕೆಮಾನ್ ಸಿಲ್ವರ್ ಶುರು ಮಾಡೋದು ಹೇಗೆ?

ಪ್ರಶ್ನೆ: ಅಕ್ಕಾ, ಶಿವಮೊಗ್ಗದ ಅತ್ತೆ ಮಗ ತನ್ನ ಹಳೇ ಗೇಮ್ ಬಾಯ್ ಕಲರ್ (ಕೈಯಲ್ಲಿ ಹಿಡಿದು ಆಡೋ ಗೇಮ್ ಯಂತ್ರ) ಕೊಟ್ಟಿದ್ದಾನೆ, ಜೊತೆಗೆ ಪೋಕೆಮಾನ್ ಸಿಲ್ವರ್ ಆಟದ ಕ್ಯಾಸೆಟ್. ಇದು ಎರಡನೇ ಭಾಗ ಅಂತೆ, ನಾನು ಮೊದಲನೆಯದು ಆಡಿಲ್ಲ. ಅರ್ಥ ಆಗುತ್ತಾ? ಶುರುವಿನಲ್ಲಿ ಕೊಡುವ ಮೂರು ಪೋಕೆಮಾನ್‌ಗಳಲ್ಲಿ (ಹಿಡಿದು, ಸಾಕಿ, ಕಾದಾಡಿಸೋ ಪ್ರಾಣಿಗಳು) ಯಾವುದನ್ನು ತಗೊಳ್ಳಲಿ?
– ಒಂಬತ್ತನೇ ತರಗತಿ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಧೈರ್ಯವಾಗಿ ಶುರು ಮಾಡು. ಮೊದಲ ಭಾಗದ ಮೂರು ವರ್ಷದ ನಂತರದ ಕಥೆ ಇದು, ನಡೆಯೋದು ಜೋಟೋ ಅನ್ನೋ ಬೇರೆ ಸೀಮೆಯಲ್ಲಿ. ಹಳೇ ಸೀಮೆ ಕ್ಯಾಂಟೋಗೂ ಕೊನೆಗೆ ಹೋಗ್ತೀಯ, ಎರಡೂ ಸೇರಿ 16 ಜಿಮ್, ಅಂದರೆ ಒಬ್ಬೊಬ್ಬ ನಾಯಕನನ್ನು ಸೋಲಿಸಬೇಕಾದ ಕಾದಾಟದ ಅಖಾಡಗಳು.

ಆ ಮೂರರಲ್ಲಿ ಹುಲ್ಲಿನ ಜಾತಿಯ ಚಿಕೊರಿಟಾ ಮುದ್ದಾಗಿದೆ ನಿಜ. ಆದರೆ ಮೊದಲ ಜಿಮ್ ಹಕ್ಕಿಗಳದ್ದು, ಎರಡನೆಯದು ಹುಳುಗಳದ್ದು, ಹುಲ್ಲಿನ ಜಾತಿಗೆ ಎರಡೂ ಕಷ್ಟ. ನನ್ನ ಮಾತು ಕೇಳಿದರೆ ಬೆಂಕಿಯ ಸಿಂಡಕ್ವಿಲ್ ತಗೋ. 14ನೇ ಲೆವೆಲ್‌ಗೆ ಕ್ವಿಲಾವಾ ಆಗುತ್ತದೆ, ಆಮೇಲೆ ಹುಳುಗಳ ಜಿಮ್ ಸಲೀಸು. ನೀರಿನ ಟೋಟೊಡೈಲ್ ಆದರೂ ನಡೆಯುತ್ತೆ.

ಮೊದಲ ಜಿಮ್‌ನ ನಾಯಕ ಫಾಕ್ನರ್ ಹತ್ತಿರ ಏಳನೇ ಲೆವೆಲ್ ಪಿಡ್ಜಿ, ಒಂಬತ್ತರ ಪಿಡ್ಜಿಯೊಟ್ಟೊ ಇರುತ್ತವೆ. ಎರಡೂ ಕಣ್ಣಿಗೆ ಮಣ್ಣೆರಚುತ್ತವೆ, ಮಡ್-ಸ್ಲಾಪ್ ಅಂತ, ಆಗ ನಮ್ಮ ಏಟು ಗುರಿ ತಪ್ಪೋಕೆ ಶುರುವಾಗುತ್ತೆ. ಸುಮ್ನೆ ಹೊಡೀತಾ ಕೂರಬೇಡ, ನಿನ್ನ ಪೋಕೆಮಾನ್ ಅನ್ನು ವಾಪಸ್ ಕರೆಸಿ ಇನ್ನೊಂದನ್ನು ಬಿಡು, ಮಣ್ಣಿನ ಪರಿಣಾಮ ಹೋಗಿಬಿಡುತ್ತೆ. ಅದೇ ಊರಲ್ಲಿ ಒಬ್ಬ ಬೆಲ್‌ಸ್ಪ್ರೌಟ್ ಅನ್ನೋ ಪೋಕೆಮಾನ್ ತಗೊಂಡು ಓನಿಕ್ಸ್ ಅನ್ನೋ ಕಲ್ಲುಹಾವನ್ನು ಕೊಡ್ತಾನೆ. ಆ ಓನಿಕ್ಸ್ ಬಿಡಲೇಬೇಡ. ಮೂರನೇ ಜಿಮ್‌ನ ವಿಟ್ನಿಯ ಮಿಲ್‌ಟ್ಯಾಂಕ್ ಹಸು ಉರುಳಿಕೊಂಡು ಬಂದು ಹೊಡೆಯುತ್ತೆ, ಪ್ರತಿ ಸಲ ತಾಗಿದಾಗಲೂ ಏಟಿನ ಜೋರು ಎರಡು ಪಟ್ಟಾಗುತ್ತಾ ಹೋಗುತ್ತೆ, ಎಷ್ಟೋ ಮಕ್ಕಳು ಅಲ್ಲೇ ಬೇಜಾರಾಗಿ ಆಟ ಬಿಟ್ಟುಬಿಡ್ತಾರೆ. ಓನಿಕ್ಸ್‌ಗೆ ಆ ಏಟು ಅರ್ಧವೇ ತಾಗೋದು.

ಇನ್ನೊಂದು ಮಾತು, ಇದು ನನಗೆ ತುಂಬಾ ಇಷ್ಟವಾದ ವಿಷಯ. ಶುರುವಿನಲ್ಲಿ ಗಂಟೆ ಎಷ್ಟು ಅಂತ ಕೇಳುತ್ತೆ, ನಿಜವಾದ ಸಮಯವನ್ನೇ ಕೊಡು. ಸಂಜೆ ಆರಕ್ಕೆ ಆಟದಲ್ಲೂ ಕತ್ತಲಾಗುತ್ತೆ, ಹೂಟ್‌ಹೂಟ್ ಗೂಬೆ ಆಗಲೇ ಹೊರಬರೋದು. ಯೂನಿಯನ್ ಗುಹೆಯ ತಳದಲ್ಲಿ ಲ್ಯಾಪ್ರಸ್ ಅನ್ನೋ ಪೋಕೆಮಾನ್ ಸಿಗೋದು ಶುಕ್ರವಾರ ಮಾತ್ರ. ನೀನು ಶಾಲೆ ಮುಗಿಸಿ ರಾತ್ರಿಯೇ ಆಡುವವನಾದರೆ ಭಾನುವಾರ ಬೆಳಿಗ್ಗೆ ಹತ್ತರೊಳಗೂ ಒಂದಿಷ್ಟು ಆಡು, ಬೇರೆಯವು ಸಿಗುತ್ತವೆ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೂ ಚಿಂತೆ ಇಲ್ಲ, ಗೇಮ್ ಬಾಯ್‌ಗೆ ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ ಸಾಕು. ಆದರೆ ಅದರ ಪರದೆಗೆ ಸ್ವಂತ ಬೆಳಕಿಲ್ಲ. ಮೋಡ ಕವಿದ ದಿನ ಜಗಲಿಯಲ್ಲಿ ಕೂತರೂ ಸರಿಯಾಗಿ ಕಾಣಲ್ಲ, ಪಕ್ಕದಲ್ಲಿ ಚಾರ್ಜಿಂಗ್ ಲೈಟ್ ಇಟ್ಟುಕೋ.

ಪ್ರಶ್ನೆ: ನಮ್ಮ ಮಗಳ ಪೋಕೆಮಾನ್ ಗೋಲ್ಡ್‌ನಲ್ಲಿ (ಸಿಲ್ವರ್‌ನ ಜೋಡಿ ಆಟ) ಸೇವ್ ಮಾಡಿದ್ದು ಆಫ್ ಮಾಡಿದರೆ ಹೋಗಿಬಿಡುತ್ತೆ. ಕ್ಯಾಸೆಟ್ ಹಾಳಾಗಿದೆಯಾ?
– ಓದುಗರು, ಕೊಪ್ಪ

ಉತ್ತರ: ಕ್ಯಾಸೆಟ್ ಅಸಲಿಯಾಗಿದ್ದರೆ ಒಳಗಿನ ಸೆಲ್ ಮುಗಿದಿರುತ್ತೆ. ಸಿಆರ್2025 ಅನ್ನೋ ನಾಣ್ಯದಂಥ ಸೆಲ್ ಅದು. ಸೇವ್ ಉಳಿಯೋದು, ಗಡಿಯಾರ ಓಡೋದು ಎರಡೂ ಅದರಿಂದಲೇ. ಆಟ ಬಂದದ್ದು 1999ರಲ್ಲಿ, ಸೆಲ್ ಇಷ್ಟು ದಿನ ಬಂದಿದ್ದೇ ಹೆಚ್ಚು. ಸೆಲ್ಲನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಮನೆಯಲ್ಲಿ ಕೀಳೋಕೆ ಹೋಗಬೇಡಿ. ಬೆಸುಗೆಗೆ ಲೋಹದ ಕಾಲು ಇರುವ ಸೆಲ್ ತರಿಸಿಕೊಂಡು ಮೊಬೈಲ್ ರಿಪೇರಿಯವರಿಗೆ ಕೊಡಿ, ಬರೀ ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಿದರೆ ಬಿಸಿಗೆ ಸಿಡಿಯಬಹುದು.