ಫೆರೋ ದ್ವೀಪಗಳಂತಹ ಪುಟ್ಟ ನಾಡಿನಲ್ಲಿ ಫುಟ್‌ಬಾಲ್ ಲೀಗ್ ಹೇಗೆ ನಡೆಯುತ್ತದೆ?

ಡೆನ್ಮಾರ್ಕ್ ಸಾಮ್ರಾಜ್ಯದೊಳಗೆ ಸ್ವಯಮಾಡಳಿತ ಹೊಂದಿರುವ ಈ ದ್ವೀಪಗಳ ಜನಸಂಖ್ಯೆ ಸುಮಾರು 54,000 ಮಾತ್ರ. ಆದರೂ ಅಲ್ಲಿನ ಅಗ್ರ ಲೀಗ್ 1942ರಿಂದಲೂ ನಡೆದುಬಂದಿದೆ. ನಡುವೆ 1944ರಲ್ಲಿ ಅದು ನಿಂತದ್ದು ಮನಕಲಕುವ ಕಾರಣಕ್ಕೆ: ಮಹಾಯುದ್ಧದ ಆ ದಿನಗಳಲ್ಲಿ, ಬ್ರಿಟಿಷ್ ಸೇನೆ ದ್ವೀಪಗಳಲ್ಲಿ ಬೀಡುಬಿಟ್ಟಿದ್ದಾಗ, ಆಡಲು ಸಾಕಷ್ಟು ಚೆಂಡುಗಳೇ ಇರಲಿಲ್ಲ.

ಹತ್ತು ತಂಡಗಳು ಪರಸ್ಪರ ಮೂರು ಬಾರಿ ಎದುರಾಗುವುದರಿಂದ ಪ್ರತಿ ತಂಡಕ್ಕೂ 27 ಪಂದ್ಯಗಳು. ಉತ್ತರ ಅಟ್ಲಾಂಟಿಕ್‌ನ ಚಳಿಗಾಲ ಕತ್ತಲು, ಗಾಳಿ, ಮಳೆಗಳಿಂದ ಕೂಡಿರುವ ಕಾರಣ ಆಟ ವಸಂತದಲ್ಲಿ ಆರಂಭವಾಗಿ ಶರತ್ಕಾಲದಲ್ಲಿ ಮುಗಿಯುತ್ತದೆ. ನೀರು ನಿಲ್ಲದಿರಲೆಂದು ಮೈದಾನಗಳಿಗೆ ಕೃತಕ ಹುಲ್ಲು ಹಾಸಲಾಗಿದೆ. ಕ್ಲಬ್‌ಗಳ ಎರಡನೆಯ ತಂಡಗಳು ಕೆಳಗಿನ ವಿಭಾಗಗಳಲ್ಲಿ ಆಡಬಹುದಾದರೂ ಅಗ್ರ ವಿಭಾಗಕ್ಕೆ ಬಡ್ತಿ ಪಡೆಯುವಂತಿಲ್ಲ.

ಅತಿ ಹೆಚ್ಚು ಬಾರಿ ಗೆದ್ದಿರುವುದು ರಾಜಧಾನಿಯ ಎಚ್‌ಬಿ ಟೋರ್ಸ್‌ಹಾವ್ನ್. ಆದರೆ ನನ್ನ ದೃಷ್ಟಿಯಲ್ಲಿ ಈ ಲೀಗಿನ ನಿಜವಾದ ಹಿರಿಮೆ ಕಂಡದ್ದು 2023ರಲ್ಲಿ: ಐದಾರು ಸಾವಿರ ಜನರ ಮೀನುಗಾರಿಕಾ ಪಟ್ಟಣದ ಕೆಐ ಕ್ಲಾಕ್ಸ್‌ವಿಕ್ ತಂಡವು ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಹಂಗೇರಿಯ ಫೆರೆನ್ಸ್‌ವಾರೋಷ್ ತಂಡವನ್ನು ಬುಡಾಪೆಸ್ಟ್‌ನಲ್ಲೇ 3-0 ಅಂತರದಿಂದ ಸೋಲಿಸಿತು, ಮುಂದೆ ಯುರೋಪಿನ ಮೂರನೆಯ ಸ್ತರದ ಕ್ಲಬ್ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತ ತಲುಪಿದ ಮೊದಲ ಫೆರೋ ತಂಡವಾಯಿತು.